ನಾನು ಒರೆಸಿದೆನೆಂದ ಗೋಡೆ

ನಮ್ಮ ಗ್ಯಾಲರಿಗೆ ಇದು ಮೂರನೇ ಬಾಡಿಗೆ ಕಟ್ಟಡ. ಸಾಗರದಲ್ಲಿ ಶುರುವಾಗಿ, ಹೊಸನಗರಕ್ಕೆ ಹೋಗಿ, ಈಗ ತೀರ್ಥಹಳ್ಳಿಯಲ್ಲಿ ಕೂತಿದೆ. ಯಾಕೆ ಇಷ್ಟು ಊರು ತಿರುಗಿದಿರಿ ಎಂದು ಯಾರಾದರೂ ಕೇಳಿದರೆ, ಬೆಕ್ಕು ಮರಿ ಕಚ್ಚಿಕೊಂಡು ಏಳು ಮನೆ ತಿರುಗುವುದಿಲ್ಲವೇ ಎಂದು ನಗೆಯಾಡಿ ಮುಗಿಸುತ್ತೇನೆ. ಆದರೆ ಈ ಮೂರು ಊರುಗಳ ನಡುವೆ ನಾನೊಂದು ಗೋಡೆಯನ್ನು ಗುಟ್ಟಾಗಿ ಸಾಗಿಸಿದೆ, ವರ್ಷಗಟ್ಟಲೆ ಬಚ್ಚಿಟ್ಟೆ, ಅದನ್ನು ಬರೆದವಳಿಗೇ ಸುಳ್ಳು ಹೇಳಿದೆ. ಅದು ನಗೆಯಾಡುವ ವಿಷಯವಲ್ಲ.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಸಾಗರದ ಪೇಟೆಯಲ್ಲಿ ಪಾತ್ರೆ ಅಂಗಡಿಯೊಂದರ ಮಹಡಿ ಖಾಲಿ ಬಿದ್ದಿತ್ತು. ಮರದ ಮೆಟ್ಟಿಲು, ಎರಡು ಕೋಣೆ, ನಡುವೆ ಒಂದು ತಡಿಕೆ ಗೋಡೆ, ಅಂದರೆ ಬಿದಿರು ಹೆಣೆದು ಎರಡೂ ಕಡೆ ಮಣ್ಣು ಮೆತ್ತಿದ್ದು. ಅಲ್ಲಿ ನಮ್ಮ ಕಡೆಯ ಚಿತ್ರಗಾರರ ಕೆಲಸ ತೂಗುಹಾಕಬೇಕೆಂದು ನನಗೆ ಹುಚ್ಚು ಹತ್ತಿತು. ಅಮ್ಮ ಕೇಳಿದ್ದು ಒಂದೇ ಮಾತು: "ನಿಂಗೆ ಎಂತಕ್ಕೆ ಬೇಕಿತ್ತೇ ಈ ಉಸಾಬರಿ?" ಮೊದಲ ತಿಂಗಳು ಮೆಟ್ಟಿಲು ಹತ್ತಿ ಬಂದವರಲ್ಲಿ ಅರ್ಧ ಜನ ದೇವರ ಫೋಟೊಗೆ ಕಟ್ಟು ಹಾಕಿಕೊಡುತ್ತೀರಾ ಎಂದು ಕೇಳುವವರು. ಅವರಿಗೆಲ್ಲ ನಾನು ಸಿಡುಕಿದ್ದೇ ಸಿಡುಕಿದ್ದು.

ಅಕ್ಕ ಬಂದದ್ದು ಆ ದಿನಗಳಲ್ಲಿ. ಸಾಗರ–ಹೊಸನಗರ ರಸ್ತೆಯಿಂದ ಒಳಗೆ ಹೋದರೆ ಅವರ ಹಳ್ಳಿ. ಅಕ್ಕ ಎಂದು ನಾನು ಕರೆಯುತ್ತಿದ್ದೆ, ವಯಸ್ಸಿನಲ್ಲಿ ತಾಯಿಯಷ್ಟಾಗುತ್ತಿದ್ದರು. ಸುತ್ತಿನ ಹತ್ತಾರು ಹಳ್ಳಿಗಳಲ್ಲಿ ಮದುವೆಯಾದರೆ ಗೋಡೆಗೆ ಹಸೆ ಬರೆಯಲು ಅವರೇ ಬೇಕು. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಎಳೆ, ಕುಂಚವೆಂದರೆ ಜಜ್ಜಿದ ಪುಂಡಿ ನಾರು. ಚೌಕದೊಳಗೆ ಚೌಕ, ನಡುವೆ ಮದುಮಕ್ಕಳ ದಂಡಿಗೆ, ಅಂದರೆ ಪಲ್ಲಕ್ಕಿ. ಅದರ ಮುಂದೆ ಗಂಡು ಹೆಣ್ಣನ್ನು ಕೂರಿಸಿ ಶಾಸ್ತ್ರ ಮಾಡುತ್ತಾರೆ. ಅಂಥದ್ದೊಂದನ್ನು ನನ್ನ ತಡಿಕೆ ಗೋಡೆಯ ಮೇಲೆ ಬರೆಯಿರಿ ಎಂದು ಕೇಳಿದೆ.

"ಮದ್ವೆ ಇಲ್ದೆ ಹಸೆ ಬರೀತಾರನೇ ತಂಗಿ? ಎದ್ರಿಗೆ ಯಾರನ್ನ ಕೂರ್ಸ್ತೀಯಾ, ನಿಮ್ಮ ಹೆಡ್‌ಮಾಸ್ತರನ್ನಾ?" ಎಂದು ಅಕ್ಕ ನಕ್ಕುಬಿಟ್ಟರು.

ನಾನು ಬಿಡಲಿಲ್ಲ. ಮೂರು ಸಲ ಅವರ ಮನೆಗೆ ಹೋದೆ. ಕೊನೆಗೆ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಅವರ ಮನೆಯ ಪದ್ಧತಿಯಲ್ಲಿ ಹಸೆಯ ಕೆಲಸ ಮುಗಿಯಿತು ಎಂದ ಮೇಲೆ ಅದನ್ನು ಗೋಡೆಯ ಮೇಲೆ ಸುಮ್ಮನೆ ಉಳಿಸುವುದಿಲ್ಲ. ಮನೆಯವರೋ ಬರೆದವರೋ ಕೈಯಾರೆ ಕೆಮ್ಮಣ್ಣು ಬಳಿದು ಒರೆಸಬೇಕು. ಕಂಡವರ ಕೈಯಲ್ಲಿ ಬಿಟ್ಟು ಹೋಗಬಾರದು.

"ಈ ಜಾಗ ನಿಂದು. ಬಿಡೋ ದಿನ ಬಂದ್ರೆ ನೀನೇ ಒರ್ಸ್‌ಬೇಕು. ಆಗ್ತದಾ?"

"ಆಗ್ತದೆ ಅಕ್ಕ" ಎಂದೆ. ಆಗ ಅದು ಸುಲಭದ ಮಾತಾಗಿತ್ತು.

ನಾಲ್ಕು ದಿನ ಬರೆದರು. ಅಳತೆಪಟ್ಟಿ ಇಲ್ಲ, ದಾರ ಇಲ್ಲ. ಉಸಿರು ಬಿಗಿಹಿಡಿದು ಒಂದು ಎಳೆ, ಮತ್ತೆ ಉಸಿರು ಬಿಟ್ಟು ಎಲೆ ಅಡಿಕೆ. ನಾನು ಐದು ವರ್ಷ ಕಲಾಶಾಲೆಯಲ್ಲಿ ಕಲಿತವಳು. ಆ ನಾಲ್ಕು ದಿನ ನನ್ನ ಕಲಿಕೆಯೆಲ್ಲ ಎಲ್ಲಿಯೋ ಮೂಲೆಯಲ್ಲಿ ನಾಚಿಕೊಂಡು ನಿಂತಿತ್ತು. ಆಮೇಲೆ ಜನ ಬರತೊಡಗಿದರು. ವರದಹಳ್ಳಿಯ ಆಶ್ರಮಕ್ಕೆ ಬಂದವರು ಕೂಡ ಹುಡುಕಿಕೊಂಡು ಮೆಟ್ಟಿಲು ಹತ್ತಿ ಬಂದು ಆ ಗೋಡೆಯ ಮುಂದೆ ಸುಮ್ಮನೆ ನಿಲ್ಲುತ್ತಿದ್ದರು. ಗ್ಯಾಲರಿ ಬದುಕಿದ್ದು ಅದರಿಂದ.

ಎರಡು ವರ್ಷದ ಮೇಲೆ ಕಟ್ಟಡದ ಮಾಲಿಕರು ಕರೆದು, ಮಹಡಿ ಕೆಡವಿ ಲಾಡ್ಜು ಕಟ್ಟಿಸುತ್ತೇವೆ, ತಿಂಗಳೊಳಗೆ ಖಾಲಿ ಮಾಡಿ ಎಂದರು. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವರಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ. "ಒರ್ಸಿಬಿಡು. ಹೊಸ ಜಾಗದಲ್ಲಿ ಹೊಸದು ಬರದ್ರಾಯ್ತು" ಎಂದರು.

ಕೊನೆಯ ಭಾನುವಾರ ಬಕೆಟ್ಟಿನಲ್ಲಿ ಕೆಮ್ಮಣ್ಣು ಕಲಸಿಕೊಂಡು, ಬಟ್ಟೆ ಅದ್ದಿಕೊಂಡು ಗೋಡೆಯ ಮುಂದೆ ನಿಂತೆ. ಬಟ್ಟೆಯಿಂದ ನೀರು ತೊಟ್ಟಿಕ್ಕಿ ಪಾದ ಒದ್ದೆಯಾಯಿತು. ಕೈ ಏಳಲಿಲ್ಲ. ಸತ್ಯ ಹೇಳಬೇಕೆಂದರೆ ಕೈ ಏಳಲಿಲ್ಲ ಎನ್ನುವುದಕ್ಕಿಂತ, ಇದು ನನ್ನದು ಎಂಬ ದುರಾಸೆ ಎದ್ದಿತು. ಬರೆದವರು ಅವರಾದರೂ ಇದರ ಬೆಲೆ ಗೊತ್ತಿರುವುದು ನನಗೆ, ಅವರಿಗೇನು ಗೊತ್ತು ಎಂದುಕೊಂಡೆ. ಇದನ್ನು ಬರೆಯುವಾಗ ನನ್ನ ಕೆನ್ನೆ ಬಿಸಿಯಾಗುತ್ತಿದೆ, ಆದರೂ ಅಂದುಕೊಂಡದ್ದು ಹಾಗೇ.

ಪೇಟೆಯಿಂದ ಪರಿಚಯದ ಆಚಾರಿಯನ್ನು ಕರೆಸಿದೆ. ಅವರು ಗೋಡೆ ತಟ್ಟಿ ನೋಡಿ, "ತಡಿಕೆ ಅಲ್ವಾ, ಗರಗಸದಲ್ಲೇ ಕುಯ್ಯಬಹುದು" ಎಂದರು. ಹಸೆಯ ಸುತ್ತ ಮರದ ಚೌಕಟ್ಟು ಹೊಡೆದು, ಹಿಂದೆ ಹಲಗೆ ಕೊಟ್ಟು, ಬಿದಿರು ಮಣ್ಣು ಸಮೇತ ಕುಯ್ಯಲು ಶುರುಮಾಡಿದರು. ಗರಗಸ ಎಳೆದಾಗಲೆಲ್ಲ ಮಣ್ಣು ಪುಡಿ ಉದುರುತ್ತಿತ್ತು. ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿತು, ಅಷ್ಟೆ. ನಾಲ್ಕು ಜನ ಹಿಡಿದು ಇಳಿಸುವಷ್ಟರಲ್ಲಿ ಅಕ್ಕನ ಫೋನು ಬಂತು.

"ಒರ್ಸಿದ್ಯಾ?"

"ಒರೆಸ್ದೆ ಅಕ್ಕ."

"ಅಳ್ಬೇಡ ಮಾರಾಯ್ತಿ, ಮಣ್ಣು ಅದು" ಎಂದರು. ನನ್ನ ದನಿ ನಡುಗಿದ್ದನ್ನು ಅವರು ಅಳು ಎಂದು ತಿಳಿದಿದ್ದರು.

ಗೂಡ್ಸ್ ಗಾಡಿಯ ಹಿಂದೆ ಗೋಡೆಯನ್ನು ಚಾದರ, ಗೋಣಿಚೀಲ ಸುತ್ತಿ ಮಲಗಿಸಿ, ಸುತ್ತ ಉಳಿದ ಸಾಮಾನು ಒತ್ತರಿಸಿ ಹೊಸನಗರಕ್ಕೆ ಹೊರಟೆವು. ನಾನು ಡ್ರೈವರ್ ಪಕ್ಕ. ರಸ್ತೆಯ ಒಂದೊಂದು ಗುಂಡಿಗೂ ಹಿಂದೆ ತಿರುಗಿ ನೋಡುತ್ತಿದ್ದೆ. ಅಕ್ಕನ ಹಳ್ಳಿಯ ತಿರುವು ಹತ್ತಿರವಾದಾಗ ತಲೆ ತಗ್ಗಿಸಿಕೊಂಡು ಕೂರೋಣ ಅನ್ನಿಸಿತು, ಆದರೆ ತಡವಾಗಿತ್ತು. ಬಸ್‌ಸ್ಟಾಪಿನಲ್ಲಿ ಕೈಚೀಲ ಹಿಡಿದು ನಿಂತಿದ್ದ ಅಕ್ಕ ರಸ್ತೆಗೇ ಇಳಿದು ಕೈ ಅಡ್ಡ ಹಿಡಿದರು. ಡ್ರೈವರ್ ನಿಲ್ಲಿಸಿಬಿಟ್ಟ.

"ಬಸ್ಸೇ ಇಲ್ಲ ಕಣೇ ತಂಗಿ. ನೀ ಇವತ್ತು ಹೋಗ್ತೀಯಾ ಅಂತ ಗೊತ್ತಿತ್ತು. ಹೊಸ ಜಾಗ ನೋಡ್ಕಂಡು ಬರಾನ ಅಂತ ಹೊರಟೆ" ಎನ್ನುತ್ತ ನನ್ನನ್ನು ಒಳಕ್ಕೆ ನೂಕಿ ಹತ್ತಿ ಕೂತರು.

ಒಂದು ಗಂಟೆಯ ದಾರಿ. ಅವರ ಬೆನ್ನಿಗೂ ಅವರ ಹಸೆಗೂ ನಡುವೆ ಇದ್ದದ್ದು ಕ್ಯಾಬಿನ್ನಿನ ತಗಡು, ಒಂದು ಸಣ್ಣ ಗಾಜಿನ ಕಿಂಡಿ. ಅಕ್ಕ ಕಿಂಡಿಯಲ್ಲಿ ಹಣಕಿದರು.

"ಎಂತ ಅದು, ಅಷ್ಟು ಜೋಪಾನ ಮಾಡಿ ಹಾಸಿಗೆ ಹೊದ್ಸಿ ಮಲಗ್ಸಿದ್ದೀಯಾ? ಬಾಣಂತಿ ಹಂಗೆ?"

"ಬೋರ್ಡು ಅಕ್ಕ. ಗಾಜಿಂದು" ಎಂದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕೈ ತಾನಾಗಿ ಸೀರೆಗೆ ಅಂಟಿದ್ದ ಕೆಂಪು ಪುಡಿಯನ್ನು ಕೊಡವತೊಡಗಿತು. ಅಕ್ಕ ಅದನ್ನು ನೋಡಿದರು. "ಒರೆಸ್ದಾಗ ಮೈಗೆಲ್ಲ ಮೆತ್ಕಂಡಿದ್ದೀಯಾ" ಎಂದು ತಾವೂ ಎರಡು ಸಲ ಕೊಡವಿದರು. ಆ ಎರಡು ಏಟು ಈಗಲೂ ನನ್ನ ತೊಡೆಯ ಮೇಲಿವೆ. ಹೊಸನಗರ ಮುಟ್ಟಿದಾಗ ನೀವು ಮೊದಲು ಚಾ ಕುಡಿದು ಬನ್ನಿ ಎಂದು ಅವರನ್ನು ಹೋಟೆಲಿಗೆ ಕಳಿಸಿ, ಅಷ್ಟರೊಳಗೆ ಗೋಡೆಯನ್ನು ಇಳಿಸಿ ಹಿಂದಿನ ಕೋಣೆಗೆ ಸೇರಿಸಿದೆ.

ಹೊಸನಗರದ ಜಾಗ ಮುಚ್ಚಿಹೋದ ಅಕ್ಕಿ ಮಿಲ್ಲಿನ ಆಫೀಸು. ಅಲ್ಲಿ ಗ್ಯಾಲರಿ ಮೂರೂವರೆ ವರ್ಷ ನಡೆಯಿತು, ಒಳ್ಳೆಯ ವರ್ಷಗಳೇ. ಆದರೆ ನಾನು ಆ ವರ್ಷಗಳನ್ನು ನೆಮ್ಮದಿಯಿಂದ ಕಳೆಯಲಿಲ್ಲ. ಊರು ಹತ್ತಿರವಾದ್ದರಿಂದ ಅಕ್ಕ ವಾರಕ್ಕೊಮ್ಮೆ ಬರುತ್ತಿದ್ದರು. ಮುಂದಿನ ಗೋಡೆಗೆ ಹೊಸ ಹಸೆ ಬರೆದರು. ಹಳೆಯದು ಹಿಂದಿನ ಕೋಣೆಯಲ್ಲಿ ಬೀರುವಿನ ಹಿಂದೆ ಮುಖ ಒಳಗೆ ಮಾಡಿ ನಿಂತಿತ್ತು. ಅವರು ಬಂದಾಗಲೆಲ್ಲ ಆ ಬಾಗಿಲಿಗೆ ಬೀಗ. ಶಾಲೆಯಲ್ಲಿ ಮಕ್ಕಳಿಗೆ ಎಲೆ ಬಿಡಿಸಲು ಹೇಳಿಕೊಟ್ಟು ಕೂತಾಗಲೂ ಗೆದ್ದಲು ಹತ್ತಿತೇನೋ ಎಂಬ ಚಿಂತೆ. ಮಳೆಗಾಲದಲ್ಲಿ ಮಣ್ಣು ತೇವ ಎಳೆಯದಿರಲಿ ಎಂದು ಬಲ್ಬು ಉರಿಸಿಡುತ್ತಿದ್ದೆ. ಒಮ್ಮೆ ಅಕ್ಕ, "ಖಾಲಿ ಕೋಣೆಗೆ ಲೈಟ್ ಯಾಕೆ ಉರೀತದೆ?" ಎಂದು ಬಾಗಿಲ ಸಂದಿಯಿಂದ ಬರುವ ಬೆಳಕು ತೋರಿಸಿ ಕೇಳಿದರು. ಇಲಿಗೆ ಎಂದೆ. ಇಲಿಗೆ ಲೈಟ್ ಹಾಕುವವಳನ್ನು ಮೊದಲ ಸಲ ನೋಡಿದ್ದು ಎಂದು ಅವರು ಜೊತೆಯಲ್ಲಿ ಬಂದಿದ್ದ ತಮ್ಮ ಸೊಸೆಗೆ ಹೇಳಿ ಹೇಳಿ ನಕ್ಕರು.

ಮಿಲ್ಲಿನ ಮನೆಯವರಲ್ಲಿ ಪಾಲಾಯಿತು. ಜಾಗ ಬಿಡಬೇಕಾಯಿತು. ಈ ಸಲ ಅಕ್ಕ ಒರೆಸುವುದಕ್ಕೆ ತಾವೇ ಬಂದರು. ನನ್ನೆದುರೇ ಸೆರಗು ಸಿಕ್ಕಿಸಿ, ಬಟ್ಟೆ ಅದ್ದಿ, ಐದು ದಿನ ಬರೆದದ್ದನ್ನು ಹತ್ತು ನಿಮಿಷದಲ್ಲಿ ಬಳಿದುಹಾಕಿದರು. ಬಳಿಯುತ್ತ ಸೊಸೆಯ ತಮ್ಮನ ಮದುವೆ ಮಾತುಕತೆ ಹೇಳುತ್ತಿದ್ದರು. ಅವರ ಕೈಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಕೆಂಪು ಬಿಟ್ಟು ಏನೂ ಉಳಿಯದಾದಾಗ ತಿರುಗಿ ಕೇಳಿದರು:

"ಸಾಗರದ್ದನ್ನೂ ಹಿಂಗೇ ಪೂರ್ತಿ ಒರ್ಸಿದ್ಯಲ್ಲಾ? ಅಲ್ಲಿ ಇಲ್ಲಿ ಬಿಟ್ಟಿಲ್ಲ ತಾನೆ?"

"ಪೂರ್ತಿ" ಎಂದೆ. ಬೀಗ ಹಾಕಿದ ಬಾಗಿಲು ನನ್ನ ಬೆನ್ನ ಹಿಂದೆಯೇ ಇತ್ತು. ಒರೆಸಿದೆನೆಂದು ಎರಡನೇ ಸಲ ಸುಳ್ಳು ಹೇಳುವಾಗ ದನಿಯೂ ನಡುಗಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು.

ತೀರ್ಥಹಳ್ಳಿಯ ಜಾಗ ಹಳೇ ಫೋಟೊ ಸ್ಟುಡಿಯೊ. ಹೊರಗೆ ಖಾಸಗಿ ಬಸ್ಸುಗಳ ಹಾರನ್ನು, ಕಾಲೇಜಿನ ಮಕ್ಕಳ ಗದ್ದಲ. ಒಳಗೆ ಒಂದು ಗೋಡೆಯ ತುಂಬ ಯಾರೋ ಬರೆದ ಜಲಪಾತ, ಅದರ ಮುಂದೆ ಎಷ್ಟು ಜೋಡಿಗಳು ನಿಂತು ಫೋಟೊ ಹೊಡೆಸಿಕೊಂಡಿದ್ದವೋ. ಹಿಂದೆ ಕಿಟಕಿಯಿಲ್ಲದ ಡಾರ್ಕ್‌ರೂಮು. ಗೋಡೆ ಅಲ್ಲಿ ಹೋಗಿ ನಿಂತಿತು. ಅಕ್ಕನ ಊರಿಗೆ ಈಗ ದೂರವಾಯಿತು, ಅವರಿಗೆ ಇಲ್ಲಿಗೆ ಒಮ್ಮೆಯೂ ಬರಲಾಗಿರಲಿಲ್ಲ. ಹೋದ ಮಳೆಗಾಲದಲ್ಲಿ ಅವರ ಬಲಗೈಗೆ ನಡುಕ ಶುರುವಾಗಿದೆ ಎಂದು ಸೊಸೆ ಫೋನಿನಲ್ಲಿ ಹೇಳಿದಳು. ಚಾದ ಲೋಟ ಎರಡೂ ಕೈಯಲ್ಲಿ ಹಿಡಿಯುತ್ತಾರಂತೆ. ಇನ್ನು ಅವರಿಂದ ಹಸೆ ಆಗುವುದಿಲ್ಲ ಎಂದು ತಿಳಿದಾಗ ದುಃಖವಾಯಿತು. ಅದರ ಬೆನ್ನಿಗೇ, ಒಂದನ್ನಾದರೂ ಉಳಿಸಿದೆನಲ್ಲ ಎಂಬ ಹೆಮ್ಮೆಯೂ ಬಂತು. ಮಾಡಿದ ಕಳ್ಳತನಕ್ಕೆ ಸಮರ್ಥನೆ ಸಿಕ್ಕಿದ ಹೆಮ್ಮೆ ಅದು.

ಆ ಹೆಮ್ಮೆಯಲ್ಲೇ ತಪ್ಪು ಮಾಡಿದೆ. ಬೆಂಗಳೂರಿನಿಂದ ಬಂದಿದ್ದ ಒಬ್ಬರು, ದೊಡ್ಡ ಪ್ರದರ್ಶನಗಳನ್ನು ಏರ್ಪಡಿಸುವವರು, ಹಸೆಯ ಬಗ್ಗೆ ಕೇಳಿದಾಗ ಡಾರ್ಕ್‌ರೂಮಿನ ಬಾಗಿಲು ತೆಗೆದು ತೋರಿಸಿದೆ. ಅವರು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದರು. ಆಮೇಲೆ, ಇದನ್ನು ಪ್ರದರ್ಶನಕ್ಕೆ ಒಯ್ಯುತ್ತೇವೆ, ಶುಕ್ರವಾರ ಗಾಡಿ ಕಳಿಸುತ್ತೇವೆ ಎಂದರು. ಬರೆದವರ ಹೆಸರಿನ ಜೊತೆ ನಮ್ಮ ಗ್ಯಾಲರಿಯ ಹೆಸರೂ ಇರುತ್ತದೆ ಎಂದರು. ಬರೆದವರ ಒಪ್ಪಿಗೆ ಇದೆ ತಾನೆ ಎಂದೂ ಕೇಳಿದರು. ತಲೆಯಾಡಿಸಿದೆ. ಬೋರ್ಡು, ಇಲಿ ಎಲ್ಲ ಲೆಕ್ಕ ಹಿಡಿದರೆ ಅದು ಐದನೇ ಸುಳ್ಳು.

ಬುಧವಾರ ಮಧ್ಯಾಹ್ನ ಅದನ್ನು ಹೊರಕೋಣೆಗೆ ತರಿಸಿ, ಜಲಪಾತದ ಗೋಡೆಗೆ ಒರಗಿಸಿ, ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆಯುತ್ತಿದ್ದೆ. ಎದುರು ಗೋಡೆಯಲ್ಲಿ, ಅಕ್ಕನ ಹತ್ತಿರವೇ ಹಸೆ ಕಲಿತಿದ್ದ ಸೊಸೆಯಿಂದಲಾದರೂ ಹೊಸದು ಬರೆಸೋಣ ಎಂದು ಪೇಂಟು ಕೆರೆಸಿ ಮಣ್ಣು ಮೆತ್ತಿಸಿದ್ದೆ. ಬಳಿಯಲು ಕೆಮ್ಮಣ್ಣು ನೆನೆಹಾಕಿದ ಬಕೆಟ್ಟು ಮೂಲೆಯಲ್ಲಿತ್ತು. ಗಾಡಿ ಬರುವುದಕ್ಕೆ ಮೊದಲು ಅಕ್ಕನ ಊರಿಗೆ ಹೋಗಿ ಎಲ್ಲ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಸೋಮವಾರವೂ ಹಾಗೇ ಅಂದುಕೊಂಡಿದ್ದೆ, ಮಂಗಳವಾರವೂ.

ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಅಕ್ಕ, ಅವರ ಹಿಂದೆ ಸೊಸೆ. ಆಸ್ಪತ್ರೆಗೆಂದು ಬಂದವರು ಹಾಗೇ ಹೊಸ ಜಾಗ ನೋಡಿ ಹೋಗೋಣವೆಂದು ಬಂದಿದ್ದರು.

ಮುಚ್ಚಲು ಕೈಗೆ ಒಂದು ಚಾದರವೂ ಇರಲಿಲ್ಲ. ಅಕ್ಕ ಸೀದಾ ಹಸೆಯ ಹತ್ತಿರ ಹೋದರು. ಮುಖ ಒಂದು ಗೇಣು ದೂರಕ್ಕೆ ತಂದು, ಎಳೆ ಎಳೆಯಾಗಿ ನೋಡಿದರು. ನಡುಗುವ ಬೆರಳು ಎತ್ತಿದರು, ಮುಟ್ಟಲಿಲ್ಲ.

"ಯಾರ ಕೈ ಇದು? ಚೆನಾಗಿದೆ" ಎಂದರು.

ನನಗೆ ಉಸಿರಾಡಲು ಒಂದು ಕಿಂಡಿ ಸಿಕ್ಕಿತು. ಯಾರೋ ಸೊರಬದ ಕಡೆಯವರದ್ದು ಎಂದರೆ ಮುಗಿಯಿತು. ಅವರ ಕಣ್ಣೂ ಮಂಜಾಗಿದೆ. ಸೊಸೆ ಈ ಹಸೆಯನ್ನು ನೋಡಿದವಳೇ ಅಲ್ಲ. ಶುಕ್ರವಾರ ಗಾಡಿ ಬಂದು ಒಯ್ಯುತ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ. ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಅಕ್ಕ ಆ ಹಸೆಯನ್ನು ಬೇರೊಬ್ಬಳದ್ದೆಂದು ಹೊಗಳಿಕೊಂಡು ಮನೆಗೆ ಹೋಗುವುದನ್ನು ನೆನೆದಾಗ ಹೇಸಿಗೆಯಾಯಿತು, ನನ್ನ ಮೇಲೆಯೇ.

"ನಿಮ್ಮದೇ ಅಕ್ಕ. ಸಾಗರದ್ದು" ಎಂದೆ.

ಅಕ್ಕ ತಿರುಗಲಿಲ್ಲ. ಹೊರಗೆ ಬಸ್ಸಿನ ಕಂಡಕ್ಟರ್ ಶಿವಮೊಗ್ಗ ಶಿವಮೊಗ್ಗ ಎಂದು ಕೂಗುತ್ತಿದ್ದ. ಸೊಸೆ ಒಮ್ಮೆ ಅತ್ತೆಯನ್ನು, ಒಮ್ಮೆ ನನ್ನನ್ನು ನೋಡಿ ತಲೆ ತಗ್ಗಿಸಿದಳು.

"ಒರೆಸ್ದೆ ಅಂದಿದ್ಯಲ್ಲ."

"ಒರೆಸಿರಲಿಲ್ಲ."

"ಗಾಡೀಲಿ ಇದ್ದದ್ದು?"

"ಇದೇ."

"ಇಲಿ ಕೋಣೆ?"

"ಹೂಂ."

ಅಕ್ಕ ಸ್ಟೂಲು ಎಳೆದುಕೊಂಡು ಕೂತರು. ಬೈಯುತ್ತಾರೆ ಎಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು. ಅವರು ಮೆಲ್ಲಗೆ ಹೇಳಿದರು: "ನಮ್ಮ ಮಾವನ ಕಾಲ್ದಲ್ಲಿ ಗೇಣಿಗೆ ಒಂದು ಚೀಟಿ ಇರ್ಲಿಲ್ಲ. ನಿಮ್ಮಂಥ ಜಮೀನಿನ ಮನೆಯೋರು ಬಾಯಲ್ಲಿ ಹೇಳ್ತಿದ್ರು, ನಾವು ಉಳ್ತಿದ್ವಿ. ಬಾಯಲ್ಲೇ ಹೇಳಿ ಗದ್ದೆ ಬಿಡ್ಸ್ತಿದ್ರು. ನೀ ಹಂಗಲ್ಲ ಅಂತ ನಾ ಮನೇಲಿ ಜಗಳ ಆಡಿದ್ದೆ."

ಆ ಮಾತಿಗೆ ನನ್ನಲ್ಲಿ ಇದ್ದ ಸಮರ್ಥನೆಯೆಲ್ಲ ಕುಸಿಯಿತು. ಆದರೂ ಮೊಂಡುತನ ಬಿಡಲಿಲ್ಲ. "ಅಕ್ಕ, ನಿಮ್ಮ ಕೈ ಈಗ… ಇನ್ನು ಇಂಥದ್ದು ಬರೆಯೋಕಾಗಲ್ಲ. ಇದೊಂದೇ ಉಳಿದಿರೋದು. ನೂರಾರು ಜನ ನೋಡ್ತಾರೆ" ಎಂದೆ.

"ಅದಕ್ಕೇ" ಎಂದರು ಅಕ್ಕ. ನಡುಗುವ ಕೈಯನ್ನು ಮಡಿಲಲ್ಲಿಟ್ಟು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. "ಒರ್ಸಿದ್ದು ಒರ್ಸಿ ಹೋಗಿದ್ರೆ, ನನ್ನ ಕೈ ಹಿಂಗಿತ್ತು ಅಂತ ನಂಗೆ ಮರ್ತು ಹೋಗಿರ್ತಿತ್ತು. ಈಗ ನೋಡ್ದೆ. ಇವತ್ತು ರಾತ್ರಿ ಹೆಂಗೆ ನಿದ್ದೆ ಮಾಡ್ಲಿ ಹೇಳು?"

ನನಗೆ ಅದು ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಗೆದ್ದಲಿಗೆ ಹೆದರಿದೆ, ತೇವಕ್ಕೆ ಹೆದರಿದೆ, ಸಿಕ್ಕಿಬೀಳುವುದಕ್ಕೆ ಹೆದರಿದೆ. ಬರೆದವಳಿಗೆ ಅದನ್ನು ನೋಡಿದರೆ ನೋವಾದೀತು ಎಂದು ಒಮ್ಮೆಯೂ ಅನ್ನಿಸಲಿಲ್ಲ.

ಅಕ್ಕ ಬಕೆಟ್ಟಿನ ಕಡೆ ನೋಡಿದರು. "ಕೆಮ್ಮಣ್ಣು ಇದೆ ಅಲ್ಲಿ. ಈಗ ಒರ್ಸು. ಆಗ ಹೇಳಿದ್ದು ತಡವಾಗಿ ಆದ್ರೂ ನಿಜ ಆಗ್ಲಿ."

"ಶುಕ್ರವಾರ ಗಾಡಿ ಬರ್ತದೆ ಅಕ್ಕ."

"ಬರ್ಲಿ."

ಬಟ್ಟೆ ಅದ್ದಿದೆ. ಮೊದಲು ಕೈ ಇಟ್ಟದ್ದು ಬಿರುಕು ಬಿಟ್ಟ ಮೂಲೆಯಲ್ಲಿ. ಹಿಟ್ಟಿನ ಎಳೆಗಳು ಗಟ್ಟಿಯಾಗಿ ಹಿಡಿದಿದ್ದವು, ಒಂದೇ ಸಲಕ್ಕೆ ಬಿಡಲಿಲ್ಲ, ಒತ್ತಿ ಉಜ್ಜಬೇಕಾಯಿತು. ಅಳುತ್ತಿದ್ದೆನೋ ಬೈಯುತ್ತಿದ್ದೆನೋ ನೆನಪಿಲ್ಲ. ನನಗೆ ಸಿಟ್ಟು ಬಂದಿತ್ತು, ಅವರ ಮೇಲೂ ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ. ದಂಡಿಗೆಯ ಹತ್ತಿರ ನಿಂತುಬಿಟ್ಟೆ. ಅಕ್ಕ ಕಾದರು. ಅದನ್ನೂ ಬಳಿದೆ. ಕೊನೆಗೆ ನಾಲ್ಕಡಿ ಕೆಂಪು ಮಣ್ಣು, ಅದರ ಹಿಂದೆ ಯಾರೋ ಬರೆದ ಜಲಪಾತ. ಅಕ್ಕ ಎದ್ದು, ನಾನು ಬಿಟ್ಟಿದ್ದ ಬೆರಳಗಲ ಜಾಗವನ್ನು ತೋರಿಸಿದರು. ಅದನ್ನೂ ಒರೆಸಿದೆ. ಅವರು ಚಾ ಬೇಡವೆಂದು ನಾಲ್ಕೂವರೆಯ ಬಸ್ಸಿಗೆ ಹೋದರು.

ಬೆಂಗಳೂರಿನವರಿಗೆ ಫೋನ್ ಮಾಡಿ ಗಾಡಿ ಬೇಡವೆಂದೆ. ಒರೆಸಿಬಿಟ್ಟೆ ಎಂದದ್ದನ್ನು ಅವರು ನಂಬಲಿಲ್ಲ. ಬೇರೆ ಯಾರಿಗೋ ಕೊಟ್ಟಿದ್ದೀರಿ ಬಿಡಿ ಎಂದು ಫೋನ್ ಇಟ್ಟರು.

ಅಕ್ಕ ಆಮೇಲೆ ಬರಲಿಲ್ಲ. ಫೋನ್ ಮಾಡಿದರೆ ಮಾತಾಡುತ್ತಾರೆ, ಆರೋಗ್ಯ ಕೇಳುತ್ತಾರೆ, ಅಷ್ಟೇ. ಎರಡು ತಿಂಗಳ ಮೇಲೆ ಸೊಸೆ ಒಬ್ಬಳೇ ಬಂದು ಎದುರು ಗೋಡೆಗೆ ಹಸೆ ಬರೆದುಕೊಟ್ಟಳು. ಆರು ದಿನ ತೆಗೆದುಕೊಂಡಳು. ಎಳೆ ಇನ್ನೂ ಅತ್ತೆಯಷ್ಟು ನೆಟ್ಟಗಿಲ್ಲ, ಆದರೆ ಕೈಯಲ್ಲಿ ಧೈರ್ಯವಿದೆ. ಮುಗಿಸಿ ಕೈ ತೊಳೆಯುವಾಗ ನಾನೇ ಹೇಳಿದೆ, ಈ ಜಾಗ ಬಿಡುವ ದಿನ ಬಂದರೆ ಖಂಡಿತ ಒರೆಸುತ್ತೇನೆ, ಅತ್ತೆಗೆ ಹೇಳು ಎಂದು.

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಬ್ಯಾಡ ಟೀಚ್ರೆ. ಅತ್ತೆ ನಂಗೇ ಬಂದು ಒರ್ಸಕ್ಕೆ ಹೇಳಿದಾರೆ. ನಿಮ್ಮ ಮೇಲೆ ಬಿಡ್ಬ್ಯಾಡ ಅಂದ್ರು" ಎಂದಳು.

ಆಗಲಿ ಎಂದೆ. ಮೇಜಿನ ಖಾನೆಯಲ್ಲಿದ್ದ ಗ್ಯಾಲರಿಯ ಇನ್ನೊಂದು ಬೀಗದಕೈ ತೆಗೆದು ಅವಳಿಗೆ ಕೊಟ್ಟೆ. ಅವಳು ಬೇಡ ಎನ್ನಲಿಲ್ಲ.